ಅಣ್ಣನ ಎಡಗೈ

ದುಃಖವನ್ನು ಮುಖಕ್ಕಿಂತ ಕೈ ಚೆನ್ನಾಗಿ ಹೇಳುತ್ತದೆ ಎಂಬುದು ನಮ್ಮೂರು ಕಿಣ್ಣಿ ಸುಲ್ತಾನದಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಹೈದರಾಬಾದಿನಲ್ಲಿ ಎರಡು ವರ್ಷ ಚಿತ್ರ ಕಲಿತು ಬಂದವನಲ್ಲವೇ! ಅಲ್ಲಿಯ ಉಸ್ತಾದರು ಜರ್ಮನ್ ಚಿತ್ರಗಳ ಪುಸ್ತಕವೊಂದನ್ನು ತೋರಿಸಿದ್ದರು. ಅದರಲ್ಲಿ ಅಳುವ ಮನುಷ್ಯನಿಗೆ ಕಣ್ಣೀರಿರಲಿಲ್ಲ, ಮಾರುದ್ದದ ಕೈಗಳಿದ್ದವು.

ಅಣ್ಣ ಹಿಂದಿನ ವರ್ಷ ಮೂರು ದಿನದ ಜ್ವರದಲ್ಲಿ ತೀರಿಕೊಂಡಿದ್ದ. ಅವನದೊಂದೂ ಫೋಟೋ ಇರಲಿಲ್ಲ.

“ತಮ್ಮಾ, ಅವರ ಮಾರಿ ನನಗ ಮಸಕ ಆಗಾಕತ್ತದ,” ಎಂದರು ಅವನ ಹೆಂಡತಿ, ನನ್ನ ವೈನಿ. “ಪೂರಾ ಮರೆಯೋದ್ರಾಗ ಒಂದು ಚಿತ್ರ ಮಾಡಿ ಕೊಡಪಾ.”

“ಎಂಟು ದಿನ ಸಾಕ್ರಿ ವೈನಿ!”

ಅಣ್ಣ ಲಿಂಗಪೂಜೆಗೆ ಕೂಡುತ್ತಿದ್ದ ಭಂಗಿಯನ್ನು ಆರಿಸಿಕೊಂಡೆ. ಅವನ ಮುಖ, ನನ್ನ ಮುಖ ಒಂದೇ ಅಚ್ಚು ಎಂದು ಊರೇ ಹೇಳುತ್ತಿತ್ತು. ಆದ್ದರಿಂದ ಕನ್ನಡಿಯ ಮುಂದೆ ಕೂತು, ಎಡ ಅಂಗೈಯಲ್ಲಿ ಲಿಂಗ ಹಿಡಿದು, ಕಂಡದ್ದನ್ನು ಕಂಡ ಹಾಗೆ ಬರೆದೆ. ಲಿಂಗ ಹಿಡಿದ ಕೈಯನ್ನು ಮಾತ್ರ ಜರ್ಮನ್ ಪದ್ಧತಿಯಂತೆ ಮೊರದಷ್ಟು ಅಗಲ ಮಾಡಿದೆ. ಭಕ್ತಿ ಕಾಣಬೇಕಲ್ಲ!

ಪುಣ್ಯತಿಥಿಗೆ ಎರಡು ದಿನ ಇರುವಾಗ ಪಕ್ಕದ ಮನೆಯ ಗುರಪ್ಪ ಕಾಕಾ ಬಂದು ನೋಡಿದರು.

“ಲೇ, ನಿಮ್ಮಣ್ಣ ಬಲಗೈಯಾಗ ಲಿಂಗ ಯಾವಾಗ ಹಿಡಿದಿದ್ನೋ?”

ಕನ್ನಡಿ ಎಡವನ್ನು ಬಲ ಮಾಡಿತ್ತು. ದಿನಾ ಬೆಳಿಗ್ಗೆ ಎಡಗೈಯಲ್ಲಿ ಲಿಂಗ ಹಿಡಿಯುವ ನನಗೇ ಅದು ಹೊಳೆದಿರಲಿಲ್ಲ. ಕೈ ಸಣ್ಣದಿದ್ದಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ!

ಲಿಂಗವನ್ನು ಅಳಿಸಿ ತೊಡೆಯ ಮೇಲಿನ ಎಡಗೈಗೆ ವರ್ಗಾಯಿಸಿದೆ. ದೊಡ್ಡ ಬಲಗೈ ಖಾಲಿಯಾಗಿ ಮುಂದೆ ಚಾಚಿಕೊಂಡು ಉಳಿಯಿತು.

“ಈಗ ಏನೋ ಬೇಡಾಕತ್ತಾನಲ್ಲೋ,” ಎಂದರು ಕಾಕಾ.

ಯಾರ ಮುಂದೆಯೂ ಕೈ ಚಾಚದ ಅಣ್ಣ! ಆ ಕೈಯ ಮೇಲೆ ಶಾಲು ಹೊದಿಸಿದೆ. ಕದ್ದದ್ದನ್ನು ಬಚ್ಚಿಟ್ಟುಕೊಂಡವನಂತೆ ಕಂಡ. ಕಾಕಾ ಕೆಮ್ಮಿದರು.

ಪುಣ್ಯತಿಥಿಯ ದಿನ ವೈನಿ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದರು.

“ಕೈ ಹೋಗ್ಲಿ ಬಿಡು ತಮ್ಮಾ. ಮಾರಿ ನಿಂದದ.”

“ಇಬ್ಬರದೂ ಒಂದೇ ಅಂತಾರಲ್ರಿ.”

“ಅನ್ನೋರು ಅವರ ಜೋಡಿ ಸಂಸಾರ ಮಾಡ್ಯಾರೇನು?” ಎಂದು ಅವರು ಕಣ್ಣು ಮುಚ್ಚಿದರು, ತೆರೆದರು. “ಅಷ್ಟಿಷ್ಟು ಉಳಿದಿತ್ತು. ಈಗ ಕಣ್ಣ ಮುಚ್ಚಿದ್ರ ನೀನೇ ಬರಾಕತ್ತಿ.”

ಚಿತ್ರ ಇಳಿಸಲು ಹೋದೆ. ಬಂದವರ ಮುಂದೆ ಬೇಡ ಎಂದರು. ಹಾರ ಹಾಕಿದರು. ವಿಭೂತಿ ಹಚ್ಚಿದರು, ಚಿತ್ರದಲ್ಲಿದ್ದ ನನ್ನ ಹಣೆಗೆ! ಬಂದವರು ಚಿತ್ರಕ್ಕೆ ಕೈ ಮುಗಿದು, ತಿರುಗಿ ನನ್ನನ್ನು ನೋಡಿ ಬೆಚ್ಚಿದರು.

ಕೈಯಿಂದಲೇ ದುಃಖ ಹೇಳಬಲ್ಲವನಿಗೆ ತನ್ನ ಎರಡು ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಒಂದು ತಂಬಿಗೆ ಎತ್ತಿಕೊಂಡು ಊಟಕ್ಕೆ ಕೂತವರಿಗೆ ನೀರು ಹಾಕಲು ಹೋದೆ.

ಅದನ್ನೂ ಚೆಲ್ಲಿದೆ.