ಬಿಕ್ಕು ಹಿಡಿದು ವಿಜ್ಞಾನ ಕೇಳಿದ್ದು

ದೊಡ್ಡ ದೊಡ್ಡ ಊರಿನಿಂದ ವಿಜ್ಞಾನಿಗಳು ನಮ್ಮ ಕಡೆ ಬರುತ್ತಾರೆ. ಭಾಷಣ ಮಾಡುತ್ತಾರೆ. ಶಾಲು ಹೊದಿಸಿಕೊಂಡು ಹೋಗುತ್ತಾರೆ. ಪ್ರತಿ ಸಲ ನಾನು ಒಂದು ಪ್ರಶ್ನೆ ಕೇಳಲಿಕ್ಕೆ ಹೋಗುತ್ತೇನೆ. ಪ್ರತಿ ಸಲ ಏನೋ ಒಂದು ಆಗುತ್ತದೆ. ಜನ ನಗುತ್ತಾರೆ. ನಾನು ಮನಿಗೆ ಬರುತ್ತೇನೆ.

ನನ್ನ ಓದು ನಾಲ್ಕನೇ ಕ್ಲಾಸು. ಯಲಬುರ್ಗಾದಲ್ಲಿ ನೀರು ಬಿಡುವ ಕೆಲಸ ಮಾಡಿದವ. ಓಣಿ ಓಣಿಗೆ ಹೋಗಿ ವಾಲ್ವ್ ತಿರುವುವುದು. ಈಗ ಅದನ್ನೂ ಬಿಟ್ಟಿದ್ದೇನೆ.

ಹೋದ ಶ್ರಾವಣದಲ್ಲಿ ಹೆಂಡತಿ ತೀರಿಕೊಂಡಳು. ದಿವಸದ ಕಾರ್ಯ ಮುಗಿದ ಮೇಲೆ ಬಂದವರೆಲ್ಲ ಹೋದರು. ಮರುದಿನ ಒಬ್ಬನೇ ಊಟಕ್ಕೆ ಕುಂತೆ. ಬಿಕ್ಕಳಿಕೆ ಬಂತು. ನಾವು ಬಿಕ್ಕು ಅನ್ನುತ್ತೇವೆ. ಬಿಕ್ಕು ಬಂತು ಅಂದರೆ ಯಾರೋ ನೆನಸುತ್ತಿದ್ದಾರೆ ಅಂತ. ಗೊತ್ತಿದ್ದವರ ಹೆಸರು ಒಂದೊಂದೇ ಹೇಳಬೇಕು. ಯಾರ ಹೆಸರಿಗೆ ನಿಂತಿತೋ ಅವರೇ ನೆನಸಿದವರು.

ಹನುಮಸಾಗರಕ್ಕೆ ಕೊಟ್ಟ ಮಗಳ ಹೆಸರು ಹೇಳಿದೆ. ನಿಲ್ಲಲಿಲ್ಲ. ಅನುಮಾನ ಬೇಡ ಅಂತ ಫೋನ್ ಮಾಡಿದೆ.

"ನನ್ನ ನೆನಸಿದೇನವಾ?"

"ಇಲ್ಲಪಾ, ರೊಟ್ಟಿ ಬಡ್ಯಾಕತ್ತೀನಿ. ಯಾಕ?"

"ಏನಿಲ್ಲ. ಬಡಿ."

ತಮ್ಮನ ಹೆಸರು ಹೇಳಿದೆ. ಅಳಿಯನದು, ಬೀಗರದು ಹೇಳಿದೆ. ನಿಲ್ಲಲಿಲ್ಲ. ಒಂದು ಹೆಸರು ಉಳಿಯಿತು. ಅದನ್ನು ಹೇಳಲಿಕ್ಕೆ ಬಾಯಿ ಬರಲಿಲ್ಲ. ನಾನು ಆಕಿಯನ್ನು ಹೆಸರು ಹಿಡಿದು ಕರೆದವನಲ್ಲ. ಮದುವಿ ದಿನ ಬಾಗಿಲಿಗೆ ಅಡ್ಡ ನಿಂತು ಹೇಳಿಸಿದ್ದರು. ಎಲ್ಲರೂ ಒಡಪು ಕಟ್ಟಿ, ಪ್ರಾಸ ಹಾಕಿ ಹೇಳುತ್ತಾರೆ. ನನಗೆ ಬರಲಿಲ್ಲ. ಬರೀ ಹೆಸರು ಹೇಳಿ ಒಳಗೆ ಹೋದೆ. ಆಮೇಲೆ ಜೀವನಪೂರ್ತಿ "ಏ, ಕೇಳಿಲ್ಲೆ" ಅನ್ನುವುದರಲ್ಲೇ ಹೋಯಿತು.

ಅವತ್ತಿನಿಂದ ದಿನಾ ಊಟಕ್ಕೆ ಕುಂತಾಗ ಬಿಕ್ಕು. ಸತ್ತವರು ನೆನಸುತ್ತಾರೇನು? ಇದೇ ನನ್ನ ಪ್ರಶ್ನೆ. ಮಠದಲ್ಲಿ ಕೇಳಿದರೆ ಹೌದು ಅನ್ನುತ್ತಾರೆ, ನನ್ನ ಮನಸ್ಸು ನೋಯಬಾರದು ಅಂತ. ಅಂಥ ಉತ್ತರ ನನಗೆ ಬೇಡಾಗಿತ್ತು. ಬಾಜು ಮನಿ ಮಾಸ್ತರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾನೆ. ಅವನನ್ನು ಕೇಳಿದೆ.

"ಕಾಕಾ, ಇದು ನನ್ನ ಸಿಲೆಬಸ್‌ನಾಗ ಇಲ್ಲ," ಅಂದ. "ದೊಡ್ಡ ವಿಜ್ಞಾನಿಗಳು ಬರ್ತಿರ್ತಾರ. ಕರಕೊಂಡು ಹೋಗ್ತೀನಿ. ಅವರನ್ನ ಕೇಳ್ರಿ."

೧. ಮಂಗಳನ ನೀರು

ಮೊದಲನೆಯದು ನಮ್ಮ ಯಲಬುರ್ಗಾದಲ್ಲೇ. ಮಾಸ್ತರ ಕಲಿಸುವ ಸಾಲಿಯ ಹಾಲ್‌ನಲ್ಲಿ. ಓಣಿಯ ಹೆಣ್ಮಕ್ಕಳೂ ಬಂದಿದ್ದರು.

ಮಂಗಳ ಗ್ರಹದ ವಿಷಯ. ಅಲ್ಲಿ ಹಿಂದೆ ನೀರು ಹರಿಯುತ್ತಿತ್ತಂತೆ. ಪರದೆ ಮೇಲೆ ಚಿತ್ರ ತೋರಿಸಿದರು. ಕೆಂಪು ನೆಲ, ಕಲ್ಲು, ಒಂದು ಗಿಡ ಇಲ್ಲ. ಕುಷ್ಟಗಿ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವಂಥದ್ದೇ. ಭಾಷಣ ಮುಗಿಯಿತು. ಪ್ರಶ್ನೆ ಇದ್ದವರು ಕೈ ಎತ್ತಿರಿ ಅಂದರು. ಎತ್ತಿದೆ. ಮೈಕ್ ಕೊಟ್ಟರು. ಎದ್ದು ನಿಂತೆ. ಎಲ್ಲಿಂದ ಶುರು ಮಾಡುವುದು ಅಂತ ತಿಳಿಯಲಿಲ್ಲ. ನನಗೆ ಮಾತು ಲಗೂನ ಬರುವುದಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಣ್ಮಗಳು ಮೈಕ್ ಇಲ್ಲದೆಯೇ ಕೇಳಿದಳು. "ಸರ, ಮತ್ತ ಅಲ್ಲಿ ನೀರು ಯಾಕ ನಿಂತ್ವು?"

"ಅದು ಇನ್ನೂ ಪೂರ್ತಿ ಗೊತ್ತಾಗಿಲ್ಲ ತಾಯಿ," ಅಂದರು ವಿಜ್ಞಾನಿ.

"ನಮಗ ಗೊತ್ತಾತು ಬಿಡ್ರಿ." ನಿಂತಿದ್ದ ನನ್ನ ಕಡೆ ಕೈ ಮಾಡಿದಳು. "ಅಲ್ಲೂ ಇವರ ಬಿಡ್ತಿದ್ರು ಕಾಣತೈತಿ!"

೨. ಚೀಟಿ

ಯಲಬುರ್ಗಾದ ನಗು ನಿಲ್ಲುವ ಹೊತ್ತಿಗೆ ಮೈಕ್ ಬೇರೆಯವರ ಕೈ ಸೇರಿತ್ತು. ಅದಕ್ಕೆ ಕುಷ್ಟಗಿಯಲ್ಲಿ ಬಾಯಿಂದ ಕೇಳುವುದು ಬೇಡ ಅಂತ ಮಾಡಿದೆ. ಅಲ್ಲಿ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕಾಗಿತ್ತು. ಬರೆದೆ. "ದಿನಾ ಬಿಕ್ಕು ಬರತೈತಿ. ಸತ್ತವರು ನೆನಸಿದ್ದಕ್ಕ ಬರತೈತೇನು?" ಇಷ್ಟು ಬರೆಯಲಿಕ್ಕೆ ಅರ್ಧ ಭಾಷಣ ಹಿಡಿಯಿತು.

ಬಂದಿದ್ದವರು ಪ್ರಾಣಿಗಳ ವಿಜ್ಞಾನಿ. ಅದರಲ್ಲಿ ನನ್ನ ಪ್ರಶ್ನೆಗೇನು ಕೆಲಸ ಅಂತ ಮಾಸ್ತರ ಕೇಳಿದ್ದ. ವಿಜ್ಞಾನಿ ಅಂದ ಮೇಲೆ ಎಲ್ಲ ಗೊತ್ತಿರುತ್ತದೆ ಅಂತ ನಾನೇ ಹಟ ಮಾಡಿ ಹೋಗಿದ್ದೆ.

ನಿರೂಪಕ ಚೀಟಿ ಓದಿದ. ಸ್ಪೀಕರು ಗೊರಗೊರ ಅನ್ನುತ್ತಿತ್ತು. ಕಡೆಯ ಮಾತಷ್ಟೇ ಕೇಳಿಸಿತು, "ಸತ್ತವರು ನೆನಸಿದ್ದಕ್ಕ ಬರತೈತೇನು?" ನನ್ನದೇ ಅಂತ ಎದ್ದು ನಿಂತೆ.

ವಿಜ್ಞಾನಿ ಭಾಳ ಒಳ್ಳೆಯವರು. ಸಮಾಧಾನದಿಂದ ಕೇಳಿದರು. "ದಿನಾ ಬರುತ್ತಾ ಯಜಮಾನರೇ?"

"ಬರತೈತ್ರಿ. ಊಟಕ್ಕ ಕುಂತಾಗ."

"ಊಟದ ಹೊತ್ತಿಗೆ ಬಂದೇ ಬರುತ್ತೆ, ಅದರ ಸ್ವಭಾವ. ಓಡಿಸೋದಿಲ್ವಾ?"

"ಇಲ್ರಿ. ಇದ್ದಷ್ಟು ಹೊತ್ತು ಇರಲಿ ಅಂತ ಬಿಡ್ತೀನಿ. ಮನಿಯಾಗ ಮತ್ತ್ಯಾರೂ ಇಲ್ಲ."

"ಬಹಳ ಒಳ್ಳೇದು. ಎಲ್ಲಿಂದ ಬರುತ್ತೆ ಅಂತ ಗಮನಿಸಿದ್ದೀರಾ?"

"ಇಲ್ಲಿಂದ್ರಿ," ಅಂತ ಎದಿ ಕೆಳಗೆ ಕೈ ಇಟ್ಟು ತೋರಿಸಿದೆ.

ವಿಜ್ಞಾನಿ ನಿರೂಪಕನ ಕಡೆ ಕೈ ಚಾಚಿದರು. ಚೀಟಿ ಇಸಿದುಕೊಂಡರು. ಕನ್ನಡಕ ಮೇಲೆ ಮಾಡಿ ನೋಡಿದರು. ನಿರೂಪಕನೂ ಬಗ್ಗಿ ನೋಡಿದ. ನನ್ನ ಅಕ್ಷರದಲ್ಲಿ ಗುಡಸೂ ಏತ್ವವೂ ಒಂದೇ ಥರ ಇರುತ್ತವೆ. ನಾನು ಬರೆದದ್ದು ಬಿಕ್ಕು. ಅವನು ಓದಿದ್ದು ಬೆಕ್ಕು.

ವಾಪಸು ಬರುವಾಗ ಮಾಸ್ತರ ನಗು ತಡೆಯಲಾರದೆ ಎರಡು ಸಲ ಗಾಡಿ ನಿಲ್ಲಿಸಿದ. ಮನಿ ಮುಂದೆ ಇಳಿಸಿ ಅಂದ, "ಕಾಕಾ, ನಾಳೆ ಊಟಕ್ಕ ಕುಂತಾಗ ಮುಂದ ಒಂದು ಬಟ್ಟಲ ಹಾಲು ಇಟಗೊಳ್ರಿ. ಹೊರಗ ಬಂದ್ರೂ ಬರಬಹುದು."

೩. ಕನ್ನಡ ಮಾಡಿದ್ದು

ಗಂಗಾವತಿಗೆ ಬಂದವರು ಮಿದುಳಿನ ವಿಜ್ಞಾನಿ. ದಿಲ್ಲಿಯವರು. ನೆನಪು ಎಲ್ಲಿರುತ್ತದೆ ಅನ್ನುವುದರ ಮೇಲೆ ಭಾಷಣ. ಇದು ನನಗೇ ಇಟ್ಟಂತಿದೆ ಅನ್ನಿಸಿತು. ಗಡ್ಡ ಬೋಳಿಸಿಕೊಂಡು, ಒಗೆದು ಇಸ್ತ್ರಿ ಮಾಡಿಸಿದ ಅಂಗಿ ಹಾಕಿಕೊಂಡು ಹೋದೆ. ಆಕಿ ಹೋದ ಮೇಲೆ ಮೊದಲ ಸಲ ಇಸ್ತ್ರಿ ಅಂಗಿ.

ಭಾಷಣ ಇಂಗ್ಲಿಷಿನಲ್ಲಿ. ಕನ್ನಡ ಮಾಡಲಿಕ್ಕೆ ಒಬ್ಬ ಉಪನ್ಯಾಸಕರು ನಿಂತಿದ್ದರು. ವಿಜ್ಞಾನಿ ಹತ್ತು ಮಿನಿಟು ಹೇಳಿದರು.

ಉಪನ್ಯಾಸಕರು ಅಂದರು, "ಮಿದುಳು ಭಾಳ ಕಠಿಣ ವಿಷಯ."

ಇನ್ನೂ ಹತ್ತು ಮಿನಿಟು ಹೇಳಿದರು.

"ಈಗ ಹೇಳಿದ್ದು ಅದಕ್ಕಿಂತ ಕಠಿಣ."

ನನ್ನ ಬಾಜು ಮರಳಿ ಅನ್ನುವ ಊರಿನ ಒಬ್ಬ ಭತ್ತದ ರೈತ ಕುಂತಿದ್ದ. ವಿಜ್ಞಾನಿ ಬರುತ್ತಾರೆ ಅಂತ ಯಾರೋ ಹೇಳಿದ್ದಕ್ಕೆ ಗದ್ದೆ ಬಿಟ್ಟು ಬಂದಿದ್ದ. "ಭತ್ತಕ್ಕ ಜಿಗಿಹುಳ ಬಿದ್ದಾವ, ಯಾವ ಎಣ್ಣಿ ಹೊಡೀಬೇಕು ಅಂತ ಯಾವಾಗ ಹೇಳ್ತಾರ್ರಿ?" ಅಂತ ಕೇಳಿದ.

"ಹೇಳಾಂಗಿಲ್ಲ," ಅಂದೆ.

"ಹೇಳ್ತಾರ ಬಿಡ್ರಿ. ಕಡೀಗೆ ಹೇಳ್ತಾರ." ಪಾಪ, ಕಾದುಕೊಂಡು ಕುಂತ.

ನನ್ನ ಪಾಳಿ ಬಂತು. ಈ ಸಲ ಎಲ್ಲ ಹೇಳಿದೆ. ಆಕಿ ಹೋದದ್ದು, ಒಬ್ಬನೇ ಉಣ್ಣುವುದು, ಬಿಕ್ಕು ಬರುವುದು, ಹೆಸರು ಹೇಳಿ ನೋಡುವುದು, ಒಂದು ಹೆಸರು ಉಳಿದದ್ದು. ಅಷ್ಟು ಮಾತು ನಾನು ಒಂದೇ ಉಸಿರಿಗೆ ಎಂದೂ ಆಡಿದವನಲ್ಲ. ಉಪನ್ಯಾಸಕರು ಕಣ್ಣು ಒರೆಸಿಕೊಂಡರು. ಆಮೇಲೆ ವಿಜ್ಞಾನಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮೂರು ಮಾತು ಹೇಳಿದರು. ಮೂರೇ.

ವಿಜ್ಞಾನಿ ಭಾಳ ಹೊತ್ತು ಉತ್ತರ ಕೊಟ್ಟರು. ನನ್ನ ಮಾರಿ ನೋಡಿಯೇ ಹೇಳಿದರು. ತಲಿ ಮುಟ್ಟಿಕೊಂಡರು, ಎದಿ ಮುಟ್ಟಿಕೊಂಡರು. ಒಮ್ಮೆ ಕೈ ಮ್ಯಾಲೆ ತೋರಿಸಿದರು. ಅವರು ಮುಗಿಸಿದರು. ನಾನು ಉಪನ್ಯಾಸಕರ ಬಾಯಿ ನೋಡಿದೆ.

"ನೀರು ಕುಡೀಬೇಕಂತ್ರಿ," ಅಂದರು.

ಮೂವತ್ತು ವರ್ಷ ಊರಿಗೆ ನೀರು ಬಿಟ್ಟವ ನಾನು. ಮೈಕ್ ಕೊಟ್ಟು ಕುಂತೆ. ಮರಳಿಯ ರೈತ ನನ್ನ ತೊಡಿ ತಟ್ಟಿದ. "ನಿಮಗ ನೀರರ ಹೇಳಿದ್ರು. ನನಗ ಎಣ್ಣಿ ಹೇಳಲೇ ಇಲ್ಲ ನೋಡ್ರಿ."

೪. ಮೈಕಿನಲ್ಲಿ ಹೆಸರು

ಇನ್ನು ಹೋಗುವುದಿಲ್ಲ ಅಂದೆ. ಗಂಗಾವತಿಯಲ್ಲಿ ಆ ವಿಜ್ಞಾನಿ ಏನು ಹೇಳಿದರೋ, ಅದು ಇನ್ನು ನನಗೆ ಗೊತ್ತಾಗುವುದಿಲ್ಲ. ಅದೇ ತಲಿಯಲ್ಲಿ ಕೊರೆಯುತ್ತಿತ್ತು. ಊಟ ಸೇರಲಿಲ್ಲ.

ಮಾಸ್ತರ ಬಿಡಲಿಲ್ಲ. "ಕೊಪ್ಪಳಕ್ಕ ಬರೂದು ಒಬ್ಬ ಹೆಣ್ಮಗಳು, ಕಾಕಾ. ಶರೀರದ ವಿಜ್ಞಾನಿ. ಕನ್ನಡ ಬರತೈತಿ. ಇದೊಂದು ಸಲ ಬರ್ರಿ."

ಹೋದೆ. ಭಾಷಣ ಆಯಿತು. ಮೈಕ್ ಬಂತು. "ಅವ್ವಾರ, ನನ್ನದೊಂದು ಪ್ರ..." ಅಂದೆ. ಹಿಕ್ ಅಂತು. ಬಿಕ್ಕು ಬಂತು. ಊಟವಿಲ್ಲ, ಏನಿಲ್ಲ, ಎಲ್ಲರ ಮುಂದೆ ಬಂತು. ಮತ್ತೆ ಬಾಯಿ ತೆಗೆದೆ. ಮತ್ತೆ ಹಿಕ್. ಮೈಕಿನಲ್ಲಿ ಅದು ಇಡೀ ಹಾಲಿಗೆ ಕೇಳಿತು.

ಜನ ಬಿಡುತ್ತಾರೇನು? "ಮಗಳ ಹೆಸರು ಹೇಳ್ರಿ!" ಅಂತ ಒಬ್ಬ. ಹೇಳಿದೆ. ಹಿಕ್. "ಬೀಗರದು ಹೇಳ್ರಿ!" ಹೇಳಿದೆ. ಹಿಕ್. ನನ್ನ ಗುರುತಿದ್ದವನೊಬ್ಬ ಹಿಂದಿನಿಂದ ಕೂಗಿದ, "ನೀರು ಬಾರದ ಓಣಿಯವರೆಲ್ಲ ನೆನಸಾಕತ್ತಾರ! ಓಣಿ ಹೆಸರು ಹೇಳ್ರಿ!" ಅದನ್ನೂ ಹೇಳಿದೆ. ನಾಲ್ಕು ಓಣಿ ಹೇಳಿದೆ. ನಿಲ್ಲಲಿಲ್ಲ.

ವಿಜ್ಞಾನಿ ನಕ್ಕು ಅಂದರು, "ಯಾರೂ ನೆನಸಿಕೊಳ್ಳೋದಿಲ್ಲ ಅಜ್ಜಾ. ಎದೆಗೂ ಹೊಟ್ಟೆಗೂ ನಡುವೆ ಒಂದು ಸ್ನಾಯು ಇದೆ. ಅದು ಸೆಳೆಯುತ್ತೆ. ಅಷ್ಟೇ."

ನಾನು ಕೇಳುವ ಮೊದಲೇ ಉತ್ತರ ಬಂತು. ಯಾರೂ ಅಲ್ಲ. ಒಂದು ಸ್ನಾಯು. ನಾಲ್ಕು ಊರು ತಿರುಗಿದ್ದು ಇದನ್ನು ಕೇಳಲಿಕ್ಕೆ. ಕುಂದ್ರಬೇಕಿತ್ತು, ಕುಂದ್ರಲಿಲ್ಲ. ಇನ್ನು ಮುಚ್ಚಿಟ್ಟು ಏನು ಮಾಡುವುದು ಅನ್ನಿಸಿತು. ಉಳಿದಿದ್ದ ಹೆಸರು ಹೇಳಿಬಿಟ್ಟೆ. ಮೈಕ್ ಬಾಯಿ ಹತ್ತಿರವೇ ಇತ್ತು, ಮರೆತಿದ್ದೆ. ಆಕಿಯ ಹೆಸರು ನಾಲ್ಕೂ ಮೂಲಿಯ ಸ್ಪೀಕರಿನಿಂದ ಬಂತು. ಆ ಹೆಸರು ಇಲ್ಲಿ ಬರೆಯುವುದಿಲ್ಲ.

ಬಿಕ್ಕು ನಿಂತಿತು.

ಜನ ಚಪ್ಪಾಳೆ ಹೊಡೆದರು. ವಿಜ್ಞಾನಿ ಕೇಳಿದರು, "ಯಾರ ಹೆಸರು?"

"ಮನಿಯಾಕಿದ್ರಿ."

"ಬಂದಿದ್ದಾರಾ?"

"ಇಲ್ರಿ. ತೀರಿಕೊಂಡಾಳ."

ಚಪ್ಪಾಳೆ ನಿಂತಿತು. ವಿಜ್ಞಾನಿ ನೀರಿನ ಬಾಟ್ಲಿ ಮುಟ್ಟಿದರು, ಕುಡಿಯಲಿಲ್ಲ. ಆಮೇಲೆ ಅಂದರು, "ಅಜ್ಜಾ, ನಿಮಗೆ ಸುಳ್ಳು ಹೇಳಲಾರೆ. ಒಂದು ಸಲ ಆದದ್ದನ್ನು ನಾವು ಪುರಾವೆ ಅನ್ನೋದಿಲ್ಲ. ಇನ್ನೊಂದು ಸಲ ಬಂದಾಗ ಹೆಸರು ಹೇಳಿ ನೋಡಿ. ಹತ್ತು ಸಲ ನೋಡಿ. ಬರೆದಿಡಿ."

ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಕೈ ಎತ್ತಿ ಅಂದ, "ಬಾಯೇರ, ಆಕಿ ಇದ್ದಾಗ ಒಮ್ಮೆರ ಹೆಸರು ಹಿಡಿದು ಕರದಾನೇನು, ಅದನ್ನ ಮೊದಲ ಕೇಳ್ರಿ!"

೫. ಎರಡನೇ ಸಲ

ಒಂದು ನೋಟ್‌ಬುಕ್ ತಂದೆ. ಮೊದಲ ಹಾಳಿಯಲ್ಲಿ ಬರೆದೆ. "ಒಂದನೇ ಸಲ. ಕೊಪ್ಪಳ. ನಿಂತಿತು." ಗುಡಸು, ಏತ್ವ ನೋಡಿ ನೋಡಿ ಬರೆದೆ.

ಎರಡನೇ ಸಲ ಬರಲಿಲ್ಲ.

ಊಟಕ್ಕೆ ಕುಂತೆ, ಬರಲಿಲ್ಲ. ಗಡಬಡಿಸಿ ಉಂಡೆ, ಬರಲಿಲ್ಲ. ಒಣ ಪುಠಾಣಿ ಹಿಟ್ಟು ಮುಕ್ಕಿದೆ. ಕೆಮ್ಮು ಬಂತು, ಬಿಕ್ಕು ಬರಲಿಲ್ಲ. ವಾರ ಹೋಯಿತು, ತಿಂಗಳು ಹೋಯಿತು. ಸ್ನಾಯುವೇ ಆಗಿದ್ದರೆ ಖಾರಕ್ಕೆ ಬರಬೇಕಿತ್ತು. ಹಸಿ ಮೆಣಸಿನಕಾಯಿಗೂ ಬರಲಿಲ್ಲ. ಹಾಗಾದರೆ ಆಕಿಯೇ. ಹೆಸರು ಹಿಡಿದು ಕರೆದದ್ದಕ್ಕೆ ಸಿಟ್ಟು ಬಂದು ನೆನಸುವುದು ಬಿಟ್ಟಳು. ಮೊದಲು ಅದೊಂದಾದರೂ ಇತ್ತು. ಈಗ ಅದೂ ಇಲ್ಲ.

ಒಂದು ಮಧ್ಯಾಹ್ನ ಕಟ್ಟಿ ಮೇಲೆ ಕುಂತು ಮೆಣಸಿನಕಾಯಿ ಕಡಿಯುತ್ತಿದ್ದೆ. ಮಾಸ್ತರನ ಅವ್ವ ಬಟ್ಟಲಲ್ಲಿ ಪುಂಡಿಪಲ್ಯ ಹಿಡಿದುಕೊಂಡು ಬಂದಳು. ಎಂಬತ್ತು ದಾಟಿದ ಮುದುಕಿ.

"ಯಾಕ ತಮ್ಮಾ, ಮಾರಿ ಕೆಂಪಗ ಆಗೈತಿ? ಅಳಾಕತ್ತೀಯೇನು?"

"ಮೆಣಸಿನಕಾಯಿ ಯವ್ವಾ. ಬಿಕ್ಕು ಬರವಲ್ದು. ಆಕಿ ನನ್ನ ಮರತಾಳ."

"ನೀ ಆಕೀನ್ನ ನೆನಸ್ತಿಯೇನು?"

"ಅದ ಕೆಲಸ. ಮುಂಜಾನೆ ಎದ್ದಾಗಿಂದ ಅದ ಕೆಲಸ."

"ಉಣ್ಣೂವಾಗ?"

"ಉಣ್ಣೂವಾಗಂತೂ ನೆನಸ್ತೀನಿ."

ಮುದುಕಿ ಹಣಿ ಬಡಿದುಕೊಂಡಳು. "ಅಯ್ಯ ನಿನ್ನ! ಹಂಗಾದ್ರ ಮುಂಜಾನಿಯಿಂದ ಸಂಜೀತನಕ ಅಲ್ಲಿ ಆಕಿಗೆ ಬಿಕ್ಕು! ತಾನ ಹಿಕ್ ಹಿಕ್ ಅನ್ಕೋತ ಕುಂತಾಕಿ ನಿನ್ನ ಯಾವಾಗ ನೆನಸಬೇಕೋ? ಅಲ್ಲಿ ಆಕಿಗೆ ನೀರು ಕೊಡವರು ಯಾರು? ಒಂದು ತುತ್ತರ ಉಣಗೊಡೋ!"

ಪುಂಡಿಪಲ್ಯ ಇಟ್ಟು ಹೋದಳು.

ಇದಕ್ಕೆ ಪುರಾವೆ ಇಲ್ಲ. ಆದರೂ ಈಗ ಊಟದ ಹೊತ್ತಿಗೆ ಆಕಿಯನ್ನು ನೆನಸುವುದಿಲ್ಲ. ಗೋಡಿ ನೋಡಿಕೊಂಡು, ಪೈಪು, ವಾಲ್ವ್, ಮೋಟರು, ಅಂತ ಮನಸ್ಸಿನಲ್ಲಿ ಅನ್ನುತ್ತ ಉಣ್ಣುತ್ತೇನೆ. ಆಕಿಯ ಊಟ ಮೊದಲಿನಿಂದ ನಿಧಾನ. ನನ್ನದು ಮುಗಿದು ಕೈ ತೊಳೆದ ಮೇಲೂ, ಇನ್ನೂ ಸ್ವಲ್ಪ ಹೊತ್ತು ಪೈಪು, ವಾಲ್ವ್ ಅನ್ನುತ್ತ ಕುಂತಿರುತ್ತೇನೆ.