ಒಡೆಯರಿಲ್ಲದ ಟರ್ಕಿ ಮೇಡಂ

ಸಂಖ್ಯೆ: ಅ.ಶಾ./ಟರ್ಕಿ/ಚೀಟಿ/17-ಬಿ
(17-ಎ ಕಳೆದುಹೋಗಿದೆ, ಅದನ್ನು ಹುಡುಕುವ ಕಡತ ಬೇರೆ ಇದೆ)

ವಿಷಯ: ಟರ್ಕಿ ವ್ಯಾಕರಣದ ಸಮಾಸ ಮತ್ತು ಪ್ರತ್ಯಯಗಳನ್ನು ಕಚೇರಿಯಲ್ಲಿ ಜಾರಿಗೆ ತರುವ ಕುರಿತು.
ಉಲ್ಲೇಖ: ತರಬೇತಿ ಕೊಠಡಿಯ ಕರಿಹಲಗೆ, ಒರೆಸುವ ಮುನ್ನ.

ಅನುವಾದ ಶಾಖೆಯ ನೌಕರರಿಗೆ ಟರ್ಕಿ ಭಾಷೆ ಕಲಿಸುವ ತಾತ್ಕಾಲಿಕ ಶಿಕ್ಷಕಿ (ಮುಂದೆ ‘ಟರ್ಕಿ ಮೇಡಂ’) ಕಳೆದ ಸೋಮವಾರ ಹಲಗೆಯ ಮೇಲೆ ಹೀಗೆ ಬರೆದಿದ್ದರು: ‘ಮುದುರ್’ ಎಂದರೆ ನಿರ್ದೇಶಕ, ‘ಒದಾ’ ಎಂದರೆ ಕೋಣೆ, ನಿರ್ದೇಶಕರ ಕೋಣೆ ಎನ್ನಲು ‘ಮುದುರುನ್ ಒದಾಸಿ’. ಒಡೆಯನಿಗೂ ಒಂದು ಪ್ರತ್ಯಯ, ವಸ್ತುವಿಗೂ ಒಂದು ಪ್ರತ್ಯಯ. ಗುಮಾಸ್ತರು ಇದನ್ನು ರೂಢಿಯಂತೆ ಕಡತಕ್ಕೆ ಸೇರಿಸಿದರು. ನಿರ್ದೇಶಕರು ಓದುವ ಅಗತ್ಯ ಕಂಡುಬರದೆ ‘ಅನುಮೋದಿಸಿದೆ, ಕೂಡಲೇ ಜಾರಿಗೊಳಿಸಿ’ ಎಂದು ಸಹಿ ಮಾಡಿದರು. ಸಹಿ ಬಿದ್ದ ಮೇಲೆ ವ್ಯಾಕರಣವೂ ಆದೇಶವೇ ಆದಕಾರಣ, ಸರ್ವರಿಗೂ ತಿಳಿಯಪಡಿಸುವುದೇನೆಂದರೆ:

1. ಪ್ರತಿಯೊಂದು ವಸ್ತುವಿಗೂ ಅದರ ಒಡೆಯರಿಗೂ ಪ್ರತ್ಯಯದ ಬದಲಾಗಿ ಒಂದೊಂದು ಚೀಟಿ ಅಂಟಿಸತಕ್ಕದ್ದು. ಕುರ್ಚಿಗೆ ಬೆನ್ನಿನ ಮೇಲೆ, ನೌಕರರಿಗೆ ಎದೆಯ ಮೇಲೆ.

2. ಕುರ್ಚಿಯ ದಿಂಬು, ದಿಂಬಿನ ಗವಸು, ಗವಸಿನ ಗುಂಡಿ, ಇವುಗಳಿಗೂ ಇದೇ ನಿಯಮ. ಗುಂಡಿ ಉದುರಿದ್ದಲ್ಲಿ ದಾರಕ್ಕೆ ಅಂಟಿಸುವುದು.

3. ‘ಕಬ್ಬಿಣದ ಬೀರು’ ಎನ್ನಲು ಟರ್ಕಿಯಲ್ಲಿ ಎರಡೂ ಕಡೆ ಪ್ರತ್ಯಯವಿಲ್ಲವೆಂದು ಟರ್ಕಿ ಮೇಡಂ ತಿಳಿಸಿರುತ್ತಾರೆ. ಆದ್ದರಿಂದ ಬೀರುವಿನ ಚೀಟಿಯ ಜೊತೆಗೆ ಬೀಗವನ್ನೂ ತೆಗೆಯಲಾಗಿದೆ.

4. ಇದು ಪಾಠವೇ ಹೊರತು ಆದೇಶವಲ್ಲವೆಂದು ಅವರು ಮೂರು ಬಾರಿ ಬರೆದುಕೊಟ್ಟಿದ್ದನ್ನು ಸ್ವೀಕರಿಸಿ, ಆ ಕಾಗದಗಳಿಗೂ ಚೀಟಿ ಅಂಟಿಸಲಾಗಿದೆ.

5. ಒಡೆಯರಿಲ್ಲದ್ದನ್ನು ಶುಕ್ರವಾರ ಸಂಜೆಯೊಳಗೆ ಹೊರಹಾಕತಕ್ಕದ್ದು. ತಪಾಸಣೆಯಲ್ಲಿ ಕಂಡುಬಂದವು: ಒಂದು ಛತ್ರಿ, ಅರ್ಧ ಮೇಜು, ಟರ್ಕಿ ಮೇಡಂ. ಆರು ವರ್ಷದಿಂದ ತರಬೇತಿ ಶಾಖೆ ಅವರನ್ನು ಅನುವಾದದವರು ಎನ್ನುತ್ತದೆ, ಅನುವಾದ ಶಾಖೆ ತರಬೇತಿಯವರು ಎನ್ನುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಛತ್ರಿಯನ್ನು ನಿರ್ದೇಶಕರು ತಮ್ಮದೆಂದು ಗುರುತಿಸಿದ್ದಾರೆ. ಮೇಡಂ ಅವರ ಸೇವೆಯನ್ನು ಮುಕ್ತಾಯಗೊಳಿಸಲಾಗಿದೆ.

6. ನಿನ್ನೆ ಹದಿನೆಂಟು ಮಂದಿ ನೌಕರರು ‘ಟರ್ಕಿ ಮೇಡಂ ನಮ್ಮವರು’ ಎಂಬ ಚೀಟಿ ಅಂಟಿಸಿಕೊಂಡು ಹಾಜರಾಗಿದ್ದು ಗಮನಕ್ಕೆ ಬಂದಿದೆ. ಕಾರಣ ಕೇಳಿದ ನೋಟಿಸಿಗೆ ಚಹಾ ತರುವ ಅಜ್ಜ ಕೊಟ್ಟ ಉತ್ತರ: “ಆಯಮ್ಮ ಬಂದ್ಮೇಲೇ ಇಲ್ಲಿ ಒಬ್ರ ಮಾತು ಒಬ್ರು ಕೇಳೋದು ಕಲ್ತಿದ್ದು. ನಮ್ಮೋರಲ್ದೆ ಇನ್ಯಾರೋರು ಹೇಳಿ?” ಟರ್ಕಿ ಮೇಡಂ ಸಹ ‘ನಾನು ಇವರೆಲ್ಲರ ಮೇಡಂ’ ಎಂಬ ಚೀಟಿ ಧರಿಸಿದ್ದರು. ಎರಡೂ ಕಡೆ ಚೀಟಿ ಇದ್ದು ನಿಯಮ ಸಂಪೂರ್ಣ ಪಾಲನೆಯಾಗಿದ್ದರೂ, ಇಂಥದ್ದು ನಡೆಯಬಹುದೆಂದು ಇಲಾಖೆಗೆ ಮೊದಲೇ ಹೊಳೆಯದ ಕಾರಣ ಈ ಚೀಟಿಗಳನ್ನು ತಿರಸ್ಕರಿಸಲಾಗಿದೆ.

(ಸಹಿ ಅಸ್ಪಷ್ಟ)
ನಿರ್ದೇಶಕರ ಪರವಾಗಿ, ಅವರ ಕೋಣೆಯ ಪರವಾಗಿಯೂ

ಪ್ರತಿಗಳು:
1. ಎರಡೂ ಶಾಖೆಗಳ ಮುಖ್ಯಸ್ಥರಿಗೆ, ಪರಸ್ಪರ ವರ್ಗಾಯಿಸಲು.
2. ಅರ್ಧ ಮೇಜಿಗೆ, ಅಂಟಿಸಲು.
3. ಟರ್ಕಿಯಿಂದ ಬಂದು ಉತ್ತರ ಕಾಯುತ್ತಿರುವ ನಲವತ್ತು ಪತ್ರಗಳ ಕಡತಕ್ಕೆ. ಓದಬಲ್ಲವರು ಸಿಕ್ಕಾಗ ಓದಿಸಲು.
4. ಟರ್ಕಿ ಮೇಡಂ ಅವರಿಗೆ ಪ್ರತಿ ಬೇಕಿಲ್ಲ. ಬೆರಳಚ್ಚುಗಾರರು ರಜೆಯಲ್ಲಿರುವುದರಿಂದ ಈ ಸುತ್ತೋಲೆಯನ್ನು ಟೈಪ್ ಮಾಡಿ, ತಪ್ಪು ತಿದ್ದಿಕೊಟ್ಟವರು ಅವರೇ.