ಅತ್ತೆಯ ಕಫ ಕಸರತ್ತು

ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಒಬ್ಬ ಪೈಲ್ವಾನರಿದ್ದಾರೆ. ಉಡುವುದು ಕಚ್ಚೆ ಸೀರೆ. ಹಲ್ಲು ಅರ್ಧ ಬಾಯಲ್ಲಿ, ಅರ್ಧ ಡಬ್ಬಿಯಲ್ಲಿ! ನಂಬುವುದಿಲ್ಲವೇ? ನಮ್ಮ ಯಜಮಾನರ ಸೋದರತ್ತೆ ಅವರು. ನಮ್ಮ ಮನೆಯಲ್ಲೇ ಇದ್ದಾರೆ. ಅಂಥವರು ಇರುವ ಮನೆಗೆ ನಾಯಿ ಬೇಕಿಲ್ಲ, ಗಡಿಯಾರವೂ ಬೇಕಿಲ್ಲ.

ಹೋದ ವರ್ಷ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಎಡಗಾಲಿನ ಕಣಕಾಲು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದಾಗ ಮೊಣಕಾಲಿನ ಕೆಳಗೆ ಉಳಿದದ್ದು ಬರೀ ನುಗ್ಗೇಕಾಯಿ! ಬಸ್ಸಿನ ಮೆಟ್ಟಿಲು ಹತ್ತುವಂತಿಲ್ಲ. ಆದರೆ ಗದ್ವಾಲದಲ್ಲಿ ಅವರ ಅಕ್ಕ ಹಾಸಿಗೆ ಹಿಡಿದಿದ್ದರು.

"ಕಾರು ಮಾಡ್ತೀನಿ ಅತ್ತೀ, ಎತ್ತಿ ಕೂಡಸ್ತೀವಿ," ಎಂದರು ಇವರು.

"ಎತ್ತಿ ಕೂಡಸಾಕ ನಾ ಏನು ಹತ್ತಿ ಮೂಟೇನೋ? ಹೊತ್ಗೊಂಡು ಹೋದ್ರ ನನ್ನ ನೋಡಿ ಆಕಿ ಅಳ್ತಾಳ. ನನ್ನ ಕಾಲ ಮ್ಯಾಲ ಹೋಗಿ ಆಕಿ ಮುಂದ ನಿಂದರ್ತೀನಿ." ಆಮೇಲೆ ಗೋಡೆಯ ಕಡೆ ತಿರುಗಿ, ಮೆಲ್ಲಗೆ, "ಆಕಿ ಇರೂದ್ರಾಗ," ಎಂದರು.

ಎಲುಬು ಕೂಡಿದೆ, ಮೀನಖಂಡಕ್ಕೆ ಬಲ ಬರಬೇಕು, ಜಿಮ್ಮಿನಲ್ಲಿ ಹಗುರಾಗಿ ಕಸರತ್ತು ಮಾಡಿಸಬಹುದು ಎಂದರು ಡಾಕ್ಟರು. ಮರುದಿನ ನೋಡುತ್ತೇನೆ, ಅತ್ತೆ ಕ್ಯಾನ್ವಾಸ್ ಬೂಟು ಹಾಕಿ ಹೊಸ್ತಿಲ ಮೇಲೆ ಕೂತಿದ್ದಾರೆ! "ನಡೀ ಯವ್ವಾ, ತಾಲೀಮಿಗೆ."

ಜಿಮ್ಮಿನಲ್ಲಿ ಕಲಿಸುವವರು ನರೆಮೀಸೆಯ ತೆಲುಗಿನವರು. ಅತ್ತೆಗೆ ಅವರು ಮೊದಲ ದಿನದಿಂದಲೇ ಉಸ್ತಾದ್. ಕೂತು ಮಾಡುವ ಯಂತ್ರ ತೋರಿಸಿ ಉಸ್ತಾದರು, "ಇದು ಕಾಫ್ ರೈಜ್ ಅಮ್ಮಾ," ಎಂದರು.

"ಕಫ? ನನಗೆಲ್ಲೈತ್ರೀ ಕಫ! ಎದಿ ಸಾಫ್ ಐತಿ. ಮುರದಿದ್ದು ಕಾಲು!"

ಪಾಪ, ಅವರು ತಮ್ಮ ಕಾಲನ್ನೇ ತಟ್ಟಿ ತೋರಿಸಿದರು: "ಪಿಕ್ಕ ಅಮ್ಮಾ, ಪಿಕ್ಕ!"

"ಮೀನಗಂಡ ಅನ್ರಿ ಮತ್ತ!"

ಅಂದರೂ ಹೆಸರು ಮಾತ್ರ ಕಫವೆಂದೇ ಉಳಿಯಿತು. "ಕಫ ಏರ್ಸಾಕ ಹೊಂಟೀನಿ," ಎಂದು ಓಣಿಗೆಲ್ಲ ಸಾರಿಕೊಂಡು ಹೊರಟರೆ ಪಕ್ಕದ ಮನೆಯಾಕೆ ಶುಂಠಿ ಕಷಾಯ ತಂದುಕೊಡದೆ ಇರುತ್ತಾಳೆಯೇ? ಅತ್ತೆ ಒಂದೇ ಗುಟುಕಿಗೆ ಕುಡಿದರು. "ಇರ್ಲಿ, ಕಾಲಿಗೇ ಇಳೀತೈತಿ!"

ಇನ್ನು ಆ ಶಿಸ್ತು! ಕಾನ್ವೆಂಟಿನಲ್ಲಿ ಡ್ರಿಲ್ ಮಾಡಿ ಬೆಳೆದ ನಾನೂ ಬೆರಗಾದೆ. ಮೊದಮೊದಲು ತೂಕವೇ ಇಲ್ಲ, ಬರೀ ಯಂತ್ರ. ಪಾದದ ಮುಂಭಾಗ ಹಲಗೆಯ ಮೇಲೆ, ತೊಡೆಯ ಮೇಲೆ ಮೆತ್ತೆ, ಸೆರಗು ಸೊಂಟಕ್ಕೆ ಬಿಗಿ. ಹಿಮ್ಮಡಿ ಮೆಲ್ಲಗೆ ಮೇಲೆ, ಚೂರು ತಡೆ, ಇನ್ನೂ ಮೆಲ್ಲಗೆ ಕೆಳಗೆ. ಉಸಿರು ಬಿಗಿಹಿಡಿಯುವಂತಿಲ್ಲ. ಕಣಕಾಲು ನೋಯಿತೋ, ಅಲ್ಲಿಗೇ ಬಂದ್. ಮುಗಿದ ಮೇಲೆ ಯಂತ್ರದ ಕೊಂಡಿ ಹಾಕದೆ ಕಾಲು ತೆಗೆಯುವುದಿಲ್ಲ. ಹಾಕಿದ್ದನ್ನೂ ನಮ್ಮ ಮನೆಯ ಬೀಗದಂತೆ ಜಗ್ಗಿ ಜಗ್ಗಿ ನೋಡುತ್ತಿದ್ದರು!

ಒಂದು ದಿನ ಬಾಗಿಲಗಲದ ಎದೆಯವನೊಬ್ಬ ಅದೇ ಯಂತ್ರದಲ್ಲಿ ಧಡ್ ಧಡ್ ಎಂದು ತೂಕ ಕುಣಿಸುತ್ತಿದ್ದ.

"ಏ ತಮ್ಮಾ! ಬಾವ್ಯಾಗ ಕೊಡ ಒಗದಂಗ ಒಗೀತಿಯಲ್ಲ! ಸಾವಕಾಶ ಇಳಸು. ಹಿಮ್ಮಡಿ ನರ ಹರದ್ರ ಹೊತ್ಗೊಂಡು ಹೋಗಾಕ ನಾ ಬರಂಗಿಲ್ಲ!"

ಅವನು ತೂಕವನ್ನು ಮೆಲ್ಲಗೆ ಇಳಿಸಿದ. ಅಷ್ಟೇ ಅಲ್ಲ, ಮರುದಿನದಿಂದ ಅತ್ತೆ ಒಳಗೆ ಬಂದರೆ ಎದ್ದು ನಿಲ್ಲತೊಡಗಿದ!

ನುಗ್ಗೇಕಾಯಿ ಯಾವಾಗ ಬದನೆಕಾಯಿ ಆಯಿತೋ ನನಗೆ ತಿಳಿಯಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ಡಾಕ್ಟರು ಹೂಂ ಅಂದರು. ನಾನು ಕೈಚೀಲ ಹಿಡಿದು ಅತ್ತೆಯ ಹಿಂದೆ ಗದ್ವಾಲಕ್ಕೆ ಹೊರಟೆ. ಮಕ್ತಲ್‌ನಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಕೈ ಚಾಚಿದ. "ಜರಾ ಸರಿ ಯಪ್ಪಾ, ಬಾಗಲದಾಗ ನಿಂತ್ರ ಹತ್ತೂದು ಹೆಂಗ?" ಎಂದು ಅವನನ್ನೇ ಗದರಿಸಿ, ಕಂಬಿ ಹಿಡಿದು, ಎಡಗಾಲು ಊರಿ ಹತ್ತಿಯೇಬಿಟ್ಟರು!

ಗದ್ವಾಲದ ಮನೆಯಲ್ಲಿ ಅಕ್ಕ ಗಿಡ್ಡ ಮಂಚದ ಮೇಲೆ ಮಲಗಿದ್ದರು. ಅತ್ತೆ ಹೋಗಿ ಎದುರಿಗೆ ನಿಂತರು. "ಬಂದೀನಬೇ ಅಕ್ಕಾ."

"ಯಾರು ಎತ್ತಿ ತಂದ್ರು ನಿನ್ನ?"

"ಯಾರೂ ಎತ್ತಿಲ್ಲ."

ಕೌದಿಯೊಳಗಿಂದ ಒಣಗಿದ ಕೈಯೊಂದು ಹೊರಬಂತು. ತಂಗಿಯ ಕಾಲು ಹುಡುಕಿ, ಮೊಣಕಾಲಿನಿಂದ ಕೆಳಕ್ಕೆ ನಿಧಾನವಾಗಿ ಸವರಿತು.

"ಎಷ್ಟು ಗಟ್ಟಿ ಮಾಡ್ಕೊಂಡಿ... ನನ್ನ ಸಲುವಾಗೇನ?"

ನಾನು ಕುರ್ಚಿ ತಂದಿಟ್ಟೆ. ಅತ್ತೆ ಕೂಡಲಿಲ್ಲ. ಆ ಕೈ ಅಲ್ಲಿರುವಷ್ಟು ಹೊತ್ತೂ ನಿಂತೇ ಇದ್ದರು.